ತ್ರಾವೊರೆ ಮನೆಯ ಅಲಸಂದೆ

ಸೆಗು ಊರಿನಲ್ಲಿ ನನಗಿಂತ ಚೆನ್ನಾಗಿ ಹೊಲಿಯುವ ದರ್ಜಿ ಹುಟ್ಟಿಲ್ಲ, ಹುಟ್ಟಬೇಕೆಂದಿದ್ದವನೂ ಈ ಜುಮಾನ ತ್ರಾವೊರೆಯ ಹೆಸರು ಕೇಳಿ ಹಿಂದೆ ಸರಿದಿರುತ್ತಾನೆ. ನಾನು ಹೊಲಿದ ನಿಲುವಂಗಿ ತೊಟ್ಟು ಯಾರಾದರೂ ದಂಡೆಯಲ್ಲಿ ನಡೆದರೆ ನದಿಯ ದೋಣಿಗಳು ದಾರಿ ತಪ್ಪುತ್ತವೆ. ನನಗೆ ಕಷ್ಟ ಬಂದದ್ದೂ ಅದರಿಂದಲೇ. ಕುರಿಹಬ್ಬಕ್ಕೆ ಇಡೀ ಊರಿಗೆ ಎಷ್ಟು ಗಟ್ಟಿಯಾಗಿ ಹೊಲಿದುಕೊಟ್ಟೆನೆಂದರೆ, ಹಬ್ಬ ಮುಗಿದು ಮೂರು ತಿಂಗಳಾದರೂ ಒಬ್ಬನ ಗುಂಡಿಯೂ ಕಿತ್ತುಬರಲಿಲ್ಲ. ನನ್ನ ಮಷಿನ್ ಮೇಲೆ ಕೋಳಿ ಕಾವಿಗೆ ಕೂತಿತು.

ಬೆಳಿಗ್ಗೆ ಹೆಂಡತಿಯ ಕೈಗೆ ಸಾರಿನ ದುಡ್ಡು ಇಡುವುದು ನಮ್ಮಲ್ಲಿ ಗಂಡಸಿನ ಕೆಲಸ. ಅದು ದಿನೇ ದಿನೇ ಹಗುರಾಗುವುದನ್ನು ನನ್ನ ಹೆಂಡತಿ ನಾಂತೆನೆ ಕೆಲವು ದಿನ ನೋಡಿದಳು, ಆಮೇಲೆ ಆಡಳಿತವನ್ನು ಕೈಗೆ ತೆಗೆದುಕೊಂಡಳು. ಮೂರು ಸುತ್ತಿನ ಟೀ ಒಂದೇ ಸುತ್ತಿಗೆ ಇಳಿಯಿತು. ಒಣಮೀನಿನ ಒಂದು ತಲೆ ಮೂರು ದಿನದ ಸಾರಿಗೆ ಆಗಬೇಕಿತ್ತು. ಮೂರನೆಯ ದಿನ ಅದು ಸುಮ್ಮನೆ ಬಂದು ಮುಖ ತೋರಿಸಿ ಹೋಗುತ್ತಿತ್ತು. ಎಲ್ಲಕ್ಕೂ ನಾನು ರಾಜಗಾಂಭೀರ್ಯದಿಂದ ಹೂಂ ಅಂದೆ. ಕೊನೆಗೆ ಅವಳು, ತನ್ನ ಅಣ್ಣನ ಹೊಲದಿಂದ ಒಂದು ಮೂಟೆ ಅಲಸಂದೆ ಪುಕ್ಕಟೆ ಬಂದಿದೆ, ನಾಳೆಯಿಂದ ಮಧ್ಯಾಹ್ನಕ್ಕೆ ಅದೇ ಎಂದಳು. ಅದಕ್ಕೆ ಮಾತ್ರ ನಾನು ಸುತರಾಂ ಆಗದು ಎಂದೆ.

ಕಾರಣ ಎದುರುಮನೆಯ ಬಡಗಿ ಬಕೊರೊಬಾ ಜಾರಾ. ತ್ರಾವೊರೆ ಮನೆತನದವರೂ ಜಾರಾ ಮನೆತನದವರೂ ಒಬ್ಬರನ್ನೊಬ್ಬರು ಹಂಗಿಸಬೇಕು, ಹಂಗಿಸಿದರೆ ಯಾರೂ ಸಿಟ್ಟಾಗಬಾರದು ಎಂದು ಮುತ್ತಜ್ಜಂದಿರು ಕಟ್ಟು ಮಾಡಿ ಹೋಗಿದ್ದಾರೆ. ಹಂಗಿಸುವ ಮಾತುಗಳಲ್ಲೆಲ್ಲ ದೊಡ್ಡದು ‘ಅಲಸಂದೆ ತಿನ್ನುವವನೇ’ ಎನ್ನುವುದು. ಇಪ್ಪತ್ತೆರಡು ವರ್ಷದಿಂದ ನಾನು ಅವನನ್ನು ದಿನಕ್ಕೆ ನಲವತ್ತು ಸಲ ಹಾಗೆ ಕರೆದಿದ್ದೇನೆ, ಅವನ ಮದುವೆಯ ದಿನ ಅವನ ಮಾವನ ಎದುರಿಗೂ ಬಿಟ್ಟಿಲ್ಲ. ಈಗ ನನ್ನ ಬೋಗುಣಿಯಲ್ಲಿ ಅಲಸಂದೆ ಕಂಡರೆ ನನ್ನ ಮಾನ ನದಿಪಾಲು.

“ರೀ, ಅದು ತ್ರಾವೊರೆ ಹೊಟ್ಟೆ ಅಂತ ಅಲಸಂದೆಗೆ ಗೊತ್ತಾಗುತ್ತಾ?” ಎಂದಳು ನಾಂತೆನೆ.

ಊಟದ ಹೊತ್ತಿಗೆ ಅಂಗಳದ ಬಾಗಿಲು ಮುಚ್ಚುವ ಹಾಗಿಲ್ಲ. ಮುಚ್ಚಿದರೆ ಯಾರೋ ಸತ್ತಿದ್ದಾರೆಂದು ಊರೇ ಬಂದು ಕೂರುತ್ತದೆ. ಹಾಗಾಗಿ ಒಳಕೋಣೆಯಲ್ಲಿ ತಿಂದು, ಆಮೇಲೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಮಾಂಸದ ಎಳೆ ಸಿಕ್ಕಿಕೊಂಡವನಂತೆ ಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದೆ. ಏನು ಊಟ ಎಂದು ಜಾರಾ ಕೇಳಿದ. ಮೊದಲ ದಿನ ಕುರಿ ಎಂದೆ. ಮರುದಿನ ಹೋರಿ. ನಾಲ್ಕನೆಯ ದಿನ ಒಂಟೆ. ಆರನೆಯ ದಿನ ಬೇರೆ ಪ್ರಾಣಿ ನೆನಪಾಗದೆ ನೀರಾನೆ ಎಂದುಬಿಟ್ಟೆ. ಒಂದಿಡೀ ಹಿಂಗಾಲು ನಾನೊಬ್ಬನೇ ಮುಗಿಸಿದೆ ಎಂದೂ ಸೇರಿಸಿದೆ.

ಏಳನೆಯ ದಿನ ಜಾರಾ ನೀರಾನೆಯಲ್ಲಿ ತನ್ನ ಪಾಲು ಕೇಳಿಕೊಂಡು ನೇರವಾಗಿ ಒಳಕೋಣೆಗೇ ಬಂದ. ಹಂಗಿಸುವ ನಂಟನಿಗೆ ನಮ್ಮಲ್ಲಿ ಯಾವ ಬಾಗಿಲೂ ಅಡ್ಡವಿಲ್ಲ. ಬೋಗುಣಿಯಲ್ಲಿ ಅಲಸಂದೆ ಹಬೆಯಾಡುತ್ತಿತ್ತು. ನಾನು ಕಣ್ಣು ಮುಚ್ಚಿ ಅವನ ಬೈಗುಳಕ್ಕೆ ಕಾದೆ. ಕಣ್ಣು ಬಿಟ್ಟರೆ ಅವನು ಕೈ ತೊಳೆದು ಕೂತಿದ್ದಾನೆ. ನಮ್ಮ ಜೊತೆ ನಾಲ್ಕು ತುತ್ತು ಉಂಡ, ರುಚಿಯಾಗಿದೆ ತಂಗಿ ಎಂದು ನಾಂತೆನೆಗೆ ಹೇಳಿದ, ಎದ್ದು ಹೋದ.

ಗೆದ್ದೆನೆಂದುಕೊಂಡು ಮರುದಿನ ಬೀದಿಗಿಳಿದೆ. ಜಾರಾ ಇಮಾಮರಿಗೆ ಬಾಗುವಂತೆ ನನಗೆ ಬಾಗಿ, “ತ್ರಾವೊರೆಯವ್ರು ಚೆನ್ನಾಗಿದ್ದೀರಾ? ಮನೇಲಿ ಎಲ್ರೂ ಆರಾಮಾ?” ಎಂದ. ಸಂಜೆ ಅವನ ಹೆಂಡತಿ ಕಾಗದದಲ್ಲಿ ಸುತ್ತಿದ ಮಾಂಸ ತಂದಿಟ್ಟು ಸದ್ದಿಲ್ಲದೆ ಹೋದಳು.

ಜಾರಾ ಹಂಗಿಸುವುದನ್ನು ಬಿಟ್ಟಿದ್ದಾನೆಂದರೆ ಅವನ ಕಣ್ಣಿಗೆ ನಾನು ಅಯ್ಯೋ ಪಾಪ ಆಗಿದ್ದೇನೆ. ಮೂರು ದಿನ ಬರೀ ಮರ್ಯಾದೆಯ ಮಾತು. ಬೀದಿಯವರೂ ನನ್ನನ್ನು ಕಂಡರೆ ದನಿ ತಗ್ಗಿಸತೊಡಗಿದರು. ಅನ್ನ ಸೇರದೆ ನಾನು ಒಂದು ಮೊಳ ಕುಳ್ಳಗಾದೆ.

“ನಾವು ಖರ್ಚು ಕಮ್ಮಿ ಮಾಡಿದ್ದೀವಿ, ಬೇಡೋಕೆ ಹೋಗಿಲ್ಲ,” ಎಂದಳು ನಾಂತೆನೆ. “ನೀವು ಬಚ್ಚಿಟ್ಕೊಂಡು ತಿಂದಿದ್ದಕ್ಕೆ ಅವ್ರಿಗೆ ಹಾಗನ್ಸಿದೆ. ಹೋಗಿ, ಬೀದೀಲಿ ಕೂತು ತಿನ್ನಿ.”

ನಾನೇನು ಹೇಡಿಯೇ? ಎರಡು ಕತ್ತೆಗಳು ಒಟ್ಟಿಗೆ ಮೀಯಬಹುದಾದಂಥ ಬೋಗುಣಿಯ ತುಂಬ ಅಲಸಂದೆ ಹೊತ್ತು, ನಡುಮಧ್ಯಾಹ್ನ ಜಾರಾನ ಅಂಗಡಿಯ ಮುಂದೆ, ಮಂಚ ಕೊಳ್ಳಲು ಬಂದಿದ್ದ ಆರು ಜನರ ನಡುವೆ ಇಳಿಸಿ ಕೂತೆ. ಬಾಯಿ ಚಪ್ಪರಿಸಿ ತಿನ್ನತೊಡಗಿದೆ. ಜಾರಾ ಉಳಿ ಕೆಳಗಿಟ್ಟು ಮುಖವನ್ನು ಆಚೆ ತಿರುಗಿಸಿದ.

“ಲೋ ಜಾರಾ, ಇಲ್ನೋಡೋ. ಹತ್ತು ದಿನದಿಂದ ಇದನ್ನೇ ತಿಂತಿದ್ದೀನಿ. ಕೆಲ್ಸ ಇಲ್ಲ, ಕೈ ಬಿಗಿ ಹಿಡಿದಿದ್ದೀವಿ, ಅಷ್ಟೇ. ಹೊಟ್ಟೆ ತುಂಬಿದೆ. ನಿನ್ನ ಬಾಯಿ ಬಿದ್ದೋಯ್ತೇನೋ?”

ಅವನು ನನ್ನನ್ನು ನೋಡಿದ, ಬೋಗುಣಿಯನ್ನು ನೋಡಿದ. ಗಡ್ಡ ಅದುರಿತು.

“ಅಲಸಂದೆ ತಿನ್ನೋನೇ,” ಎಂದ ಮೆಲ್ಲಗೆ, ಉಪ್ಪು ನೋಡುವವನಂತೆ.

“ಕೇಳಿಸ್ಲಿಲ್ಲ,” ಎಂದೆ.

ಈ ಸಲ ನದಿಯ ಆಚೆ ದಡಕ್ಕೂ ಕೇಳಿಸಿತು. ಆಮೇಲೆ ಅವನು ನಿಲ್ಲಲೇ ಇಲ್ಲ. ನನ್ನ ಹೊಟ್ಟೆ, ನನ್ನಜ್ಜನ ಹೊಟ್ಟೆ, ನೀರಾನೆಯ ಹಿಂಗಾಲು ಎಲ್ಲವನ್ನೂ ಬೀದಿಗೆ ಎಳೆದು ತಂದ. ಮಂಚ ಕೊಳ್ಳಲು ಬಂದವರು ನಕ್ಕು ನಕ್ಕು ಮಾರದ ಮಂಚಗಳ ಮೇಲೇ ಉರುಳಿದರು. ಕೊನೆಗೆ ಉಸಿರು ಸಾಲದೆ, “ನಾನು ಕಳ್ಸಿದ ಮಾಂಸ ವಾಪಸ್ ಕೊಡೋ, ಕಳ್ಳ,” ಎಂದ.

ಅದು ಜೀರ್ಣವಾಗಿ ಆಗಲೇ ಮೂರು ದಿನವಾಯಿತು ಎಂದೆ. ಹಾಗಾದರೆ ಅಷ್ಟೇ ತೂಕದ ಅಲಸಂದೆ ತಿನ್ನದೆ ಏಳುವುದಿಲ್ಲವೆಂದು ಅವನು ಅಂಗಿಯ ತೋಳು ಮಡಚಿ ಬೋಗುಣಿಯ ಆಚೆ ಬದಿಗೆ ಕೂತ. ಎಷ್ಟೋ ದಿನದ ಮೇಲೆ ನನಗೆ ಹಸಿವಾಯಿತು. ಇಬ್ಬರ ಕೈಗಳೂ ಒಂದೇ ತುತ್ತಿಗೆ ಹೋಗಿ ಡಿಕ್ಕಿ ಹೊಡೆದವು; ಅವನು ನನ್ನ ಕೈಗೆ ಒಂದು ಬಾರಿಸಿ, ತುತ್ತನ್ನು ಕಿತ್ತುಕೊಂಡು ತಿಂದ.