ಟೈಲರಮ್ಮ ಹೊಲಿಯದ ಹಳದಿ ಜಾಕೆಟ್

ನಲವತ್ತು ವರ್ಷ ಊರಿನ ಅರ್ಧ ಜನರ ಅಳತೆ ತೆಗೆದು ಬಟ್ಟೆ ಹೊಲಿದುಕೊಟ್ಟವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಆಕೆ ಒಂದೇ ಅಂಗಿಗೆ ಎರಡು ಎಡತೋಳು ಕತ್ತರಿಸಿದಳು. ಆಮೇಲೊಂದು ದಿನ ಮಾರ್ಕೆಟ್ಟಿನಿಂದ ಮನೆಗೆ ಬರುವ ದಾರಿಯೇ ತಪ್ಪಿತು. ಡಾಕ್ಟರು ಗಡಿಯಾರದ ಚಿತ್ರ ಬರೆಸಿ ನೋಡಿ, ಇದು ಮರೆವಿನ ಕಾಯಿಲೆ, ಈಗಷ್ಟೇ ಶುರುವಾಗಿದೆ ಎಂದರು. ಅಂದಿನಿಂದ ಕತ್ತರಿ ಮಗಳ ಕೈಗೆ ಹೋಯಿತು. ಹೊಲಿಗೆ, ಗುಂಡಿ, ಕಾಜಾ ಮಾತ್ರ ಅಮ್ಮನ ಪಾಲಿಗೆ ಉಳಿದವು.

ಆ ವರ್ಷ ಪ್ರಾಂತ್ಯದ ಸರ್ಕಾರ ಮರೆವಿನವರಿಗಾಗಿ ಹೊಸ ನೀತಿ ತಂದಿತು. ಅಂಥವರು ಬಸ್ಸು, ಬ್ಯಾಂಕು, ಅಂಗಡಿಗಳಲ್ಲಿ ಅಂಜದೆ ಓಡಾಡುವಂತಾಗಬೇಕು ಎಂಬುದು ಅದರ ಆಶಯ. ಮೊದಲ ಕೆಲಸ ಬಂದದ್ದು ಇವರ ಅಂಗಡಿಗೇ. ಮುನ್ನೂರು ಹಳದಿ ಜಾಕೆಟ್. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ನನಗೆ ಮರೆವಿದೆ, ಸಹಾಯ ಮಾಡಿ'.

ಮಗಳು ಮಾದರಿಯನ್ನು ಮೇಜಿನ ಮೇಲೆ ಹರಡಿದಳು. ಟೈಲರಮ್ಮ ಕನ್ನಡಕ ಏರಿಸಿಕೊಂಡು ಓದಿದಳು.

"ಇದನ್ನ ಯಾರು ಹಾಕ್ಕೋಬೇಕು?"

ಮಗಳು ತಡವರಿಸಿದಳು. "ಕಾಯಿಲೆ ಇರೋರು, ಅಮ್ಮ. ಹೊರಗೆ ಹೋಗುವಾಗ."

"ಅಂದ್ರೆ ನಾನೂ."

"ದಾರಿ ತಪ್ಪಿದ್ರೆ ಯಾರಾದ್ರೂ ಮನೆಗೆ ತಂದು ಬಿಡ್ತಾರಲ್ಲ. ಅವತ್ತು ಜೀವ ಕೈಲಿ ಹಿಡ್ಕೊಂಡು ಎಷ್ಟು ಹೊತ್ತು ಹುಡುಕಿದೆ ಅಂತ ನಿಂಗೆ ನೆನಪಿದ್ಯಾ?"

"ಇಲ್ಲ. ನೀನು ಅತ್ತಿದ್ದು ನೆನಪಿದೆ, ಬಸ್ಸಿನೋನು ಬೈದಿದ್ದು ನೆನಪಿದೆ. ಆದ್ರೂ ಇದನ್ನ ನಾನು ಹಾಕ್ಕೊಳ್ಳಲ್ಲ, ಹೊಲಿಯೋದೂ ಇಲ್ಲ. ಜೇಬುಗಳ್ಳರಿಗೆ ಇದಕ್ಕಿಂತ ಒಳ್ಳೆ ಬೋರ್ಡು ಬೇಕಾ?"

ಮಗಳಿಗೆ ನಗು ಬಂತು, ಸಿಟ್ಟೂ ಬಂತು. ಎರಡು ದಿನ ತಾಯಿ ಮಗಳ ನಡುವೆ ಮಾತಿಲ್ಲ. ಹಳದಿ ಬಟ್ಟೆಯ ಥಾನು ಬಿಚ್ಚದೆ ಮೂಲೆಯಲ್ಲೇ ಇತ್ತು. ಮೂರನೆಯ ದಿನ ಮಗಳೇ ಸರ್ಕಾರದ ಕಾಗದ ತಂದು ಮುಂದಿಟ್ಟಳು. "ಗುರುವಾರ ಪುರಸಭೆಯಲ್ಲಿ ಈ ಜಾಕೆಟ್ಟಿನ ಬಗ್ಗೆ ಸಭೆಯಂತೆ. ನನ್ನ ಹತ್ರ ಹೇಳಿ ಏನು ಪ್ರಯೋಜನ, ಅಲ್ಲಿ ಹೇಳು. ನಾನು ಜೊತೆಗೆ ಬರ್ತೀನಿ."

ಸಭೆಯ ಬಾಗಿಲಲ್ಲಿ ಗುಮಾಸ್ತ ಟೈಲರಮ್ಮನನ್ನು ತಡೆದ. "ಕಾಯಿಲೆಯವರಿಗೆ ಆಯಾಸ ಆಗುತ್ತೆ. ನೀವು ಹೊರಗೆ ಕೂತಿರಿ, ಮಗಳು ಒಳಗೆ ಹೋಗ್ಲಿ."

"ಮದುಮಗಳನ್ನ ಹೊರಗೆ ಕೂರಿಸಿ ಮದುವೆ ಮಾಡ್ತೀರಾ?" ಎಂದು ಆಕೆ ನೆಟ್ಟಗೆ ಒಳಗೆ ನಡೆದು ಮೊದಲ ಸಾಲಿನಲ್ಲಿ ಕೂತಳು.

ಅಧಿಕಾರಿ ಪರದೆಯ ಮೇಲೆ ಜಾಕೆಟ್ಟಿನ ಚಿತ್ರ ತೋರಿಸುತ್ತಿದ್ದಂತೆ ಟೈಲರಮ್ಮ ಎದ್ದಳು. "ಇದನ್ನ ಹೊಲಿಯೋಳು ನಾನು. ಹಾಕ್ಕೋಬೇಕಾದೋಳೂ ನಾನೇ. ಇದು ನನ್ನ..." ಅಷ್ಟರಲ್ಲಿ ಮುಂದಿನ ಪದ ಜಾರಿಹೋಯಿತು. ಮಗಳು ಅರ್ಧ ಎದ್ದಳು. ಟೈಲರಮ್ಮ ಅವಳ ಭುಜ ಒತ್ತಿ ಕೂರಿಸಿದಳು.

"ಪರವಾಗಿಲ್ಲ ಅಜ್ಜಿ, ನಮಗೆ ಅರ್ಥ ಆಯ್ತು. ಕೂತ್ಕೊಳ್ಳಿ," ಎಂದರು ಅಧಿಕಾರಿ.

"ನಾನಿನ್ನೂ ಹೇಳೇ ಇಲ್ಲ, ನಿಮಗೆ ಹೇಗೆ ಅರ್ಥ ಆಯ್ತು? ಸ್ವಲ್ಪ ತಡೀರಿ."

ತಡೆದರು. ಟೈಲರಮ್ಮ ಕೂರದೆ ಆ ಪದವನ್ನು ಹುಡುಕಿದಳು.

"ಆ ಮಾತು ಸಿಗ್ತಿಲ್ಲ, ಹೋಗ್ಲಿ. ದಾರಿ ತಪ್ಪಿದ ದಿನ ಬಸ್ ಹತ್ತಿದೆ. ಎಲ್ಲಿಗೆ ಅಂತ ಕೇಳಿದ್ರು, ಹೇಳೋಕೆ ಬರಲಿಲ್ಲ. ಬೈದು ಇಳಿಸಿಬಿಟ್ರು. ಅವತ್ತು ನಂಗೆ ಬೇಕಾಗಿದ್ದು ಜಾಕೆಟ್ ಅಲ್ಲ. ಯಾರನ್ನ ಕೇಳಿದ್ರೆ ಬೈಯಲ್ಲ ಅಂತ ಗೊತ್ತಾಗಬೇಕಿತ್ತು. ನಮ್ಮ ಮಾತು ಕೇಳಿಸಿಕೊಳ್ಳೋಕೆ ಕಲಿತೋರಿಗೆ ಹಳದಿ ಹಾಕಿಸಿ. ನಾವೇ ಹುಡುಕಿಕೊಂಡು ಹೋಗ್ತೀವಿ. ಊರೆಲ್ಲ ನಮ್ಮ ಬೆನ್ನು ಓದೋದು ಬೇಡ."

"ಆದೇಶ ಆಗಿಹೋಗಿದೆಯಲ್ಲ..."

"ಆದೇಶ ಆಗಿರಬಹುದು. ಹೊಲಿಗೆ ಆಗಿಲ್ಲ. ಆಗೋದೂ ಇಲ್ಲ."

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, "ನಮ್ಮ ಯಜಮಾನರೂ ಹಾಕ್ಕೊಳ್ಳಲ್ಲ ಸಾರ್. ಮೇಷ್ಟ್ರಾಗಿದ್ದೋರು, ಅವರ ಬೆನ್ನ ಮೇಲೆ ಬರೀತೀರಾ?" ಎಂದಳು. ಅವಳ ಹಿಂದೆಯೇ ಇನ್ನೂ ನಾಲ್ಕು ಜನ ಎದ್ದರು. ಅಧಿಕಾರಿ ಬೆವರು ಒರೆಸಿಕೊಂಡು, ಮತ್ತೆ ಯೋಚಿಸುತ್ತೇವೆ ಎಂದು ಸಭೆ ಮುಗಿಸಿದರು.

ಒಂದೂವರೆ ತಿಂಗಳಿಗೆ ಹೊಸ ಆದೇಶ ಬಂತು. ಬಸ್ಸು, ಬ್ಯಾಂಕು, ಅಂಗಡಿಯವರಿಗೆ ತರಬೇತಿ ಕೊಡುವುದು, ಹಳದಿ ಜಾಕೆಟ್ಟನ್ನು ಅವರೇ ತೊಡುವುದು. ಬೆನ್ನಿಗೆ ಏನೂ ಇಲ್ಲ. ಎದೆಯ ಮೇಲೆ ಮಾತ್ರ 'ನನ್ನನ್ನು ಕೇಳಿ'. ಟೈಲರಮ್ಮ ಎರಡೇ ತಿಂಗಳಲ್ಲಿ ಮುನ್ನೂರನ್ನೂ ಹೊಲಿದು ಮುಗಿಸಿದಳು. ನಡುವೆ ಹನ್ನೊಂದು ಜಾಕೆಟ್ಟಿಗೆ ಜೇಬನ್ನು ತಲೆಕೆಳಗಾಗಿ ಇಟ್ಟಿದ್ದಳು. ಮಗಳು ಬಿಚ್ಚಿಕೊಟ್ಟಳು, ಆಕೆ ಗೊಣಗುತ್ತಲೇ ಮತ್ತೆ ಹೊಲಿದಳು.

ನೀತಿಯ ಸಮಿತಿಗೂ ಆಕೆಯನ್ನು ಸೇರಿಸಿಕೊಂಡರು. ಫಾರಂ ತಂದ ಗುಮಾಸ್ತ ಅದನ್ನು ಮಗಳ ಮುಂದೆ ಚಾಚಿದ. 'ಪೋಷಕರ ಸಹಿ' ಎಂದಿತ್ತು. ಮಗಳು ಕೈ ಕಟ್ಟಿಕೊಂಡು, "ಸದಸ್ಯರು ಅಲ್ಲಿ ಕೂತಿದ್ದಾರೆ, ಅವರಿಗೆ ಕೊಡಿ," ಎಂದಳು.

ಟೈಲರಮ್ಮ 'ಪೋಷಕರ' ಎಂಬುದನ್ನು ಗೀಟು ಎಳೆದು ಹೊಡೆದುಹಾಕಿ, ತನ್ನ ಹೆಸರು ಬರೆದಳು.

"ನಿಮ್ಮ ಸಾಹೇಬರಿಗೆ ಹೇಳಪ್ಪ, ಸಮಿತಿಯಲ್ಲಿ ನಮಗೆ ಒಂದು ಕುರ್ಚಿ ಸಾಲಲ್ಲ ಅಂತ. ನಾನು ಮರೆತಿದ್ದನ್ನ ಹೇಳೋಕೆ ಇನ್ನೂ ಇಬ್ಬರು ಬೇಕು. ಅವರೂ ನನ್ನಂಥೋರೇ ಆಗಿರಲಿ."