ಒಂಬತ್ತರ ಪ್ಯಾಕೇಜು

ಅಳಿಯನ ಮೇಲ್ ಸರ್ವರ್ ಎಷ್ಟು ಚುರುಕಾಗಿತ್ತೆಂದರೆ, ಕಳಿಸುವವರು ಬರೆಯಲೋ ಬೇಡವೋ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಕಾಗದ ಇಲ್ಲಿ ಬಂದು, ಉತ್ತರವನ್ನೂ ಬರೆಸಿಕೊಂಡು ವಾಪಸು ಹೋಗಿಬಿಡುತ್ತಿತ್ತು. ಒಮ್ಮೆ ಎದುರು ಬೀದಿಯ ಕಣ್ಣಿನ ಡಾಕ್ಟರು ಕಂಪ್ಯೂಟರಿನ ಮುಂದೆ ಆಕಳಿಸಿದ್ದಕ್ಕೇ ಎರಡು ಜೊತೆ ಗಾಜು ತಯಾರಾಗಿದ್ದವು. ಇದನ್ನು ಅಳಿಯ ಆಣೆ ಮಾಡಿ ಹೇಳುತ್ತಿದ್ದ. ಆಣೆಗೆ ಮಾತ್ರ ಸದಾ ಬಾಮೈದನ ತಲೆಯನ್ನೇ ಮುಟ್ಟುತ್ತಿದ್ದ.

ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆ ಅತ್ತೆಯದು. ಕೆಳಗೆ ಯಂತ್ರಗಳು, ಮೇಲೆ ಮನೆ, ಮೆಟ್ಟಿಲ ಅಡಿಯಲ್ಲಿ ಒಂದು ಕೋಣೆ. ಒಳಗಿದ್ದವನಿಗೆ ಸೀನು ಬಂದರೆ ಬಾಗಿಲು ತೆರೆಯಬೇಕು, ಅಷ್ಟು ವಿಶಾಲ. ಮನೆ ಅಳಿಯನಾಗಿ ಬಂದವನಿಗೆ ಇಡೀ ಕಟ್ಟಡದಲ್ಲಿ ತನ್ನದು ಎನ್ನಲು ಇದ್ದದ್ದು ಅದೊಂದೇ. ಮೇಲ್ ಯಂತ್ರ ಇದ್ದದ್ದೂ ಅಲ್ಲೇ. ಡಾಕ್ಟರುಗಳು ಗಾಜಿನ ನಂಬರನ್ನು ಮೇಲ್‌ನಲ್ಲೇ ಕಳಿಸಬೇಕು, ಫೋನಿನಲ್ಲಿ ಹೇಳಕೂಡದು. ಹಿಂದೊಮ್ಮೆ ಫೋನಿನಲ್ಲಿ ಮೈನಸ್ಸು ಪ್ಲಸ್ಸಾಗಿ ಕೇಳಿಸಿ, ಗಿರಾಕಿಯೊಬ್ಬರು ಹೊಸ ಕನ್ನಡಕ ಹಾಕಿಕೊಂಡು ದೀಪದ ಕಂಬವನ್ನು ಬೀಗರೆಂದು ಮಾತಾಡಿಸಿ, ಊಟಕ್ಕೂ ಕರೆದು ಬಂದ ಮೇಲೆ ಅತ್ತೆ ಹಾಕಿದ ಕಟ್ಟಪ್ಪಣೆ ಅದು.

ಒಂದು ದಿನ ಹಳೆಯ ಮೇಲ್ ಯಂತ್ರ ಪ್ರಾಣ ಬಿಟ್ಟಿತು. ಅತ್ತೆ ಹೊಸದನ್ನು ತರಿಸಿ ಮೇಜಿನ ಮೇಲಿಟ್ಟರು.

"ಅಳಿಯಂದ್ರೇ, ಗಾಜು ಉಜ್ಜೋರೆಲ್ಲ ಕೈ ಕಟ್ಕೊಂಡು ಕೂತಿದಾರೆ. ಮೇಲ್‌ದೆಲ್ಲ ನಾವೇ ನೋಡ್ಕೋತೀವಿ ಅಂತ ಹೊರಗಿನ ಕಂಪನಿಯವ್ರು ಮನುಷ್ಯನ್ನ ಕಳಿಸ್ತಿದಾರೆ. ಅವನು ಬರೋದ್ರೊಳಗೆ ಕಾಗದ ಬಂದ್ರೆ ಸರಿ. ಇಲ್ದಿದ್ರೆ ಕೋಣೆ ಖಾಲಿ ಮಾಡ್ಕೊಡಿ, ಫ್ರೇಮಿನ ಪೆಟ್ಟಿಗೆ ಇಡೋಕೆ ಜಾಗ ಆಗತ್ತೆ."

"ಅಷ್ಟೇನಾ ಅತ್ತೆ? ನನ್ನ ಕೈಯಾರೆ ಕಟ್ಟಿದ ಪ್ಯಾಕೇಜ್ ಇಲ್ವಾ? ಅವನು ಬೆಲ್ ಒತ್ತೋಕೆ ಬೆರಳು ಎತ್ತೋದ್ರೊಳಗೆ ಕಾಗದದ ಮಳೆ!"

ಮೇಲ್ ಸರ್ವರನ್ನು ಯಂತ್ರಕ್ಕೆ ಹಾಕಲು ಎರಡು ದಾರಿ. ಉಜ್ಜದ ಗಾಜಿನಂತಿರುವ ಸೋರ್ಸ್ ಕೋಡನ್ನು ತಂದು, ತಾನೇ ತಿದ್ದಿ ತೀಡಿ ಪ್ಯಾಕೇಜು ಕಟ್ಟುವುದು ಒಂದು. ಬೇರೆ ಯಾರೋ ಕಟ್ಟಿ ಇಂಟರ್ನೆಟ್ಟಿನ ಭಂಡಾರದಲ್ಲಿ ಇಟ್ಟಿರುವುದನ್ನು ಹೆಸರು ಹೇಳಿ ತರಿಸಿಕೊಳ್ಳುವುದು ಇನ್ನೊಂದು. ಭಂಡಾರದ ಹೆಸರೆತ್ತಿದರೆ ಅಳಿಯ ಮೂಗು ಮುರಿಯುತ್ತಿದ್ದ. "ರೆಡಿಮೇಡ್ ಅಂಗಿ ಹಾಕ್ಕೊಂಡು ನಾನು ದರ್ಜಿ ಅನ್ನೋಕಾಗತ್ತಾ?" ಎಂಬುದು ಅವನ ಸಿದ್ಧಾಂತ.

ಹಳೆಯ ಪ್ಯಾಕೇಜುಗಳ ಕಡತ ತೆರೆದರೆ 'ಕೊನೆಯದು' ಎಂದೊಂದು, 'ನಿಜವಾದ ಕೊನೆಯದು' ಎಂದೊಂದು, 'ಆಣೆಗೂ ಇದೇ ಕೊನೆಯದು' ಎಂದು ಇನ್ನೊಂದು. ಯಾವುದನ್ನು ಹಾಕಿದರೂ ಹೊಸ ಯಂತ್ರ ಬಾಯಿ ಬಿಡಲಿಲ್ಲ. ಅವೆಲ್ಲ ಹಳೆಯ ಯಂತ್ರದ ಜಾತಿಗೆ ಕಟ್ಟಿದವು, ಇದರ ಜಾತಿಯೇ ಬೇರೆ.

ಬಾಗಿಲಲ್ಲಿ ಬಾಮೈದ ಬಂದು ನಿಂತ. ಕೆಲಸವಿಲ್ಲದ ಅವನ ಕೈಯಲ್ಲಿ ಉಜ್ಜುವ ಬಟ್ಟೆ ಸುಮ್ಮನೆ ನೇತಾಡುತ್ತಿತ್ತು. "ಏನಂತೆ ಭಾವ?"

"ಹೊಸ ಮನೆ ಅಲ್ವಾ, ಸ್ವಲ್ಪ ನಾಚ್ಕೋತಿದೆ."

"ನೀವು ಬಂದಾಗ ಒಂದು ನಿಮಿಷಾನೂ ನಾಚ್ಕೊಳ್ಳಲಿಲ್ವಲ್ಲ!"

ಬೇರೆ ದಾರಿಯಿಲ್ಲದೆ ಅಳಿಯ ಸೋರ್ಸಿನಿಂದ ಹೊಸದಾಗಿ ಕಟ್ಟಲು ಕೂತ. ಅದು ಇನ್ನೊಂದು ತುಣುಕು ಬೇಕೆಂದಿತು. ಆ ತುಣುಕಿಗೆ ಮತ್ತೊಂದು ಬೇಕಿತ್ತು. ಮದುವೆಗೆ ಒಬ್ಬರನ್ನು ಕರೆದರೆ ಅವರ ಬೀಗರು, ಬೀಗರ ನಾದಿನಿ, ನಾದಿನಿಯ ಪಕ್ಕದ ಮನೆಯವರು ಗಾಡಿ ಮಾಡಿಕೊಂಡು ಬಂದಂತೆ. ಪರದೆಯ ಮೇಲೆ ಹರಿದ ಸಾಲುಗಳನ್ನು ಬಿಡಿಸಿದ್ದರೆ ಕಟ್ಟಡಕ್ಕೆ ಏಳು ಸುತ್ತು ಸುತ್ತಿ ಗಂಟು ಹಾಕಬಹುದಿತ್ತು. ಅಂತೂ ಪ್ಯಾಕೇಜು ತಯಾರಾಯಿತು. ಅಳಿಯ ಅದಕ್ಕೆ ತನ್ನ ಪದ್ಧತಿಯಂತೆ ಒಂಬತ್ತನೇ ಆವೃತ್ತಿ ಎಂದು ಸಂಖ್ಯೆ ಕೊಟ್ಟು, ಹೆಸರು ಹೇಳಿ, ಇನ್‌ಸ್ಟಾಲ್ ಮಾಡೆಂದು ಯಂತ್ರಕ್ಕೆ ಅಪ್ಪಣೆ ಮಾಡಿದ.

ಆಯಿತು ಎಂದಿತು ಯಂತ್ರ. ಸ್ವಲ್ಪ ಹೊತ್ತಿಗೆ ಟಿಣ್. ಮತ್ತೆ ಟಿಣ್, ಟಿಣ್. ಬೆಳಗಿನಿಂದ ದಾರಿಯಲ್ಲಿ ಸಿಕ್ಕಿಬಿದ್ದಿದ್ದ ನಂಬರುಗಳೆಲ್ಲ ಬಂದು ಬಿದ್ದವು. ಬಾಮೈದ "ಭಲೇ ಭಾವ!" ಎಂದು ಕೂಗಿಕೊಂಡು ಉಜ್ಜುವವರ ಕಡೆ ಓಡಿದ. ಅಳಿಯನ ಎದೆ ಉಬ್ಬಿ ಎರಡೂ ಗೋಡೆಗೆ ತಾಗಿತು.

ಆಗ ಕಣ್ಣು ಪರದೆಯ ಮೂಲೆಗೆ ಹೋಯಿತು. ಓಡುತ್ತಿರುವ ಆವೃತ್ತಿ: ಹತ್ತು.

ಕಣ್ಣುಜ್ಜಿಕೊಂಡು ನೋಡಿದ. ಹತ್ತೇ. ತಾನು ಹೆತ್ತದ್ದು ಒಂಬತ್ತು, ತೊಟ್ಟಿಲಲ್ಲಿ ಮಲಗಿರುವುದು ಹತ್ತು! ನಡುವೆ ಯಾರು ಬದಲಾಯಿಸಿದರು?

ಯೋಚಿಸುತ್ತ ಹೋದಂತೆ ಕಿವಿ ಬಿಸಿಯಾಯಿತು. ಮೊದಲ ಸಲ ಪ್ಯಾಕೇಜು ಕಟ್ಟಿದಾಗ ಅದೇ ಹೆಸರಿನಲ್ಲಿ ಭಂಡಾರದಲ್ಲಿದ್ದದ್ದು ಮೂರನೇ ಆವೃತ್ತಿ. ಲೋಕ ಎಂದೂ ತನ್ನನ್ನು ಹಿಂದೆ ಹಾಕಬಾರದೆಂದು ಅಳಿಯ ಒಮ್ಮೆಲೇ ಒಂಬತ್ತೆಂದು ಬರೆದಿದ್ದ. ಲೋಕವೋ, ನಾಲ್ಕು, ಐದು, ಆರು ಎಂದು ಸದ್ದಿಲ್ಲದೆ ನಡೆದು ಹತ್ತು ಮುಟ್ಟಿತ್ತು. ಒಂದೇ ಹೆಸರಿನವು ಎರಡಿದ್ದರೆ ಯಂತ್ರ ದೊಡ್ಡ ಸಂಖ್ಯೆಯದನ್ನೇ ಆರಿಸುತ್ತದೆ. ಹಾಗಾದರೆ ತಾನಾಗಿಯೇ ಅಪ್‌ಡೇಟ್ ಆಗುತ್ತಿದ್ದ ಹಳೆಯ ಯಂತ್ರದಲ್ಲಿ ಓಡುತ್ತಿದ್ದದ್ದು ಯಾವುದು? ತಾನು ಊರೆಲ್ಲ ಹೊಗಳಿಕೊಂಡು ತಿರುಗಿದ್ದು ಯಾರ ಕೂಸನ್ನು? ಕೆಟ್ಟ ಗಡಿಯಾರದಂತೆ ಅಳಿಯನ ತಲೆ ಎಲ್ಲ ಗಂಟೆಗಳನ್ನೂ ಒಟ್ಟಿಗೇ ಹೊಡೆಯುತ್ತಿತ್ತು.

ಅಷ್ಟರಲ್ಲಿ ಹೊರಗಿನ ಕಂಪನಿಯ ಮನುಷ್ಯ ಬಂದ. "ಕಾಗದ ಬರ್ತಿದೆ, ಬೇಡಪ್ಪ" ಎಂದು ಅತ್ತೆ ಅವನನ್ನು ಬಾಗಿಲಿಂದಲೇ ಕಳಿಸಿದ್ದು ಕೇಳಿಸಿತು. ಕೋಣೆ ಉಳಿಯಿತು! ಅಳಿಯ ಉಸಿರು ಬಿಡುವಷ್ಟರಲ್ಲಿ ಅತ್ತೆ ಒಂದು ಪೆನ್ ಡ್ರೈವ್ ಹಿಡಿದು ಬಂದರು. ಹಿಂದೆ ಬಾಮೈದ.

"ನನ್ನ ತಂಗಿ ಅಂಗಡೀಲೂ ಮೇಲ್ ಕೆಟ್ಟಿದೆಯಂತೆ ಅಳಿಯಂದ್ರೇ. ನೀವು ಕಟ್ಟಿದ್ದನ್ನ ಇದಕ್ಕೆ ಹಾಕ್ಕೊಡಿ. ಭಂಡಾರದ್ದು ಬೇಡವೇ ಬೇಡ ಅಂದಿದೀನಿ."

"ಇದ್ರಲ್ಲಿ ಹಿಡಿಸಲ್ಲ ಅತ್ತೆ. ನನ್ನ ಪ್ಯಾಕೇಜು ಭಾರಿ ದೊಡ್ಡದು."

"ನಿನ್ನೆ ಇದ್ರಲ್ಲೇ ನಾಲ್ಕು ಸಿನಿಮಾ ಹಿಡಿಸಿದ್ರಿ ಭಾವ," ಎಂದ ಬಾಮೈದ.

"ಸಿನಿಮಾ ಬೇರೆ, ಸರ್ವರ್ ಬೇರೆ ಕಣೋ. ಇದಕ್ಕೆ ಗಾಳಿ ಆಡ್ಬೇಕು."

"ಈ ಕೋಣೇಲಿ ಆಡ್ತಿತ್ತಾ?"

ಅತ್ತೆ ಅಳಿಯನ ಮುಖವನ್ನೇ ನೋಡಿದರು. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹಿಡಿಯುವ ಕಣ್ಣು. "ಯಾಕೆ ಬೆವರ್ತಿದೀರಿ?"

ಅಳಿಯ ಪೆನ್ ಡ್ರೈವನ್ನು ಎರಡು ಸಲ ತಿರುಗಿಸಿ ನೋಡಿದ. ಅದರಲ್ಲಿ ಯಾವ ನೆಪವೂ ಸಿಗಲಿಲ್ಲ.

"ಓಡ್ತಿರೋದು ನನ್ನದಲ್ಲ ಅತ್ತೆ. ಭಂಡಾರದ್ದು. ಯಾವ ಪುಣ್ಯಾತ್ಮರು ಕಟ್ಟಿದ್ದೋ, ಹೆಸರೂ ಗೊತ್ತಿಲ್ಲ."

"ಇವತ್ತು ಮಾತ್ರಾನಾ?"

"ಅದೇ ತಿಳೀತಿಲ್ಲ. ಹೋದ ವರ್ಷದಿಂದ ಇರಬಹುದು, ಅದಕ್ಕೂ ಮುಂಚೆ ಇರಬಹುದು. ನನ್ನದು ಮನೆ ಬಿಟ್ಟು ಹೋಗೋವಾಗ ನನಗೊಂದು ಮಾತೂ ಹೇಳಿಲ್ಲ."

ಬಾಮೈದ ನಗು ತಡೆಯಲಾರದೆ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡ. ಅತ್ತೆ ನಗಲಿಲ್ಲ. ಫೋನನ್ನು ಅಳಿಯನ ಕೈಗಿಟ್ಟರು.

"ಕೋಣೆ ಇಟ್ಕೊಳಿ. ಕಾಗದ ಬಂತು, ಮಾತು ಮಾತೇ. ಆದ್ರೆ ನನ್ನ ತಂಗಿಗೆ ನಾನು ನಿಮ್ಮನ್ನ ಆಕಾಶಕ್ಕೇರಿಸಿ ಹೇಳಿದೀನಿ. ಇಳಿಸೋದು ನಿಮ್ಮ ಕೆಲಸ."

ಅಳಿಯ ಫೋನು ಮಾಡಿ ಕಿವಿಗಿಟ್ಟುಕೊಂಡ. "ಚಿಕ್ಕತ್ತೆ, ನಾನು. ಒಂದು ಹೆಸರು ಹೇಳ್ತೀನಿ, ಬರ್ಕೊಳಿ, ಭಂಡಾರದಲ್ಲಿ ಸಿಗತ್ತೆ. ಇಲ್ಲ, ಕಟ್ಟಿದ್ದು ನಾನಲ್ಲ. ಹುಡುಕಿದ್ದು ಮಾತ್ರ ನಾನೇ..." ಅತ್ತೆಯ ಕಣ್ಣು ಇನ್ನೂ ತನ್ನ ಮೇಲೇ ಇರುವುದನ್ನು ಕಂಡು ದನಿ ಇಳಿಸಿದ. "ಅದೂ ನಾನಲ್ಲ ಚಿಕ್ಕತ್ತೆ. ಯಂತ್ರವೇ ಹುಡುಕ್ಕೊಂಡಿದ್ದು."