ಮೈಯಲ್ಲಿ ನಿಂತ ನೀರು

ಕುಂತೂರಿನ ಪುಟ್ಟಬಸಮ್ಮನ ಹೃದಯ ರಕ್ತ ತಳ್ಳಲಾರದೆ ಸೋತು ವರ್ಷ ದಾಟಿತ್ತು. ಮೈಯಲ್ಲಿ ನೀರು ನಿಲ್ಲದಂತೆ ದಿನಾ ಮಾತ್ರೆ. ಊಟಕ್ಕೆ ಚಿಟಿಕೆ ಉಪ್ಪು. ಸೊಸೆ ಪವಿತ್ರ ಅತ್ತೆಯ ತಟ್ಟೆಯ ಹತ್ತಿರ ಉಪ್ಪಿನಕಾಯಿ ಸುಳಿಯಲು ಬಿಡುತ್ತಿರಲಿಲ್ಲ.

ಕೊಳ್ಳೇಗಾಲದ ಆಸ್ಪತ್ರೆಯಿಂದ ರಕ್ತ ಪರೀಕ್ಷೆಯ ರಿಪೋರ್ಟು ಬಂದದ್ದೇ ತಡ, ಅದೇ ಸೊಸೆ ಹಪ್ಪಳ, ಸಂಡಿಗೆ ಕರಿದು ಮುಂದಿಟ್ಟಳು. "ಏನು ಆಸೆಯೋ ತಿನ್ನಿ ಅತ್ತೆ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗ ಮಹದೇವಪ್ರಸಾದ್ ಮಾತ್ರೆಗಳನ್ನು ಎತ್ತಿಟ್ಟು ಹನೂರು ಕಡೆಯಿಂದ ನಾರುಬೇರಿನ ಕಷಾಯ ತಂದ. ಯಾಕೋ ಎಂದು ಕೇಳಿದರೆ ಮುಖ ತಿರುಗಿಸಿದ. ನೆಂಟರು ಒಬ್ಬರ ಹಿಂದೊಬ್ಬರು ಬಂದು, ಮೂಸಂಬಿ ಇಟ್ಟು, ನಿಟ್ಟುಸಿರು ಬಿಟ್ಟು ಹೋದರು.

ಅಷ್ಟರಲ್ಲಿ ಪುಟ್ಟಬಸಮ್ಮನ ಕಾಲು ಬಾತು ಬೆರಳಿಟ್ಟರೆ ಗುಳಿ ಬೀಳತೊಡಗಿತು. ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂರುವಂತಾಯಿತು.

ನೋಡಲು ಬಂದ ತಂಗಿ ರತ್ನ ತಡೆಯಲಾರದೆ ಅತ್ತುಬಿಟ್ಟಳು. "ಅಂಡಾಶಯದಲ್ಲಿ ಕ್ಯಾನ್ಸರಂತಲ್ಲಕ್ಕ! ರಿಪೋರ್ಟ್‌ನಲ್ಲಿ ಬರ್ದಿರೋದ್ನ ಪ್ರಸಾದು ಮೊಬೈಲ್‌ನಲ್ಲಿ ಹುಡುಕಿ ನೋಡವ್ನೆ."

ಪುಟ್ಟಬಸಮ್ಮನಿಗೆ ಭಯವಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಮಗನನ್ನು ಕೂಗಿದಳು.

"ಊರ್ಗೆಲ್ಲ ಗೊತ್ತು, ಸಾಯೋಳಿಗೆ ಮಾತ್ರ ಗೊತ್ತಿಲ್ವೇನ್ಲಾ?"

"ನೀನು ನೊಂದ್ಕತೀಯ ಅಂತ..."

"ಬಾಯ್ ಮುಚ್ಚು. ಕಾರು ಕರ್ಸು. ಡಾಕ್ಟ್ರ ಬಾಯಲ್ಲೇ ಕೇಳ್ತೀನಿ."

ಡಾಕ್ಟರ್ ಮಧುಶ್ರೀ ಬಾತ ಕಾಲು ನೋಡಿ, ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು, ಮಾತ್ರೆ ಬಿಟ್ಟದ್ದೇಕೆಂದು ಕೇಳಿದಳು. ಮಹದೇವಪ್ರಸಾದ್ ತಡವರಿಸುತ್ತ ಕ್ಯಾನ್ಸರ್ ಎಂದ.

"ಯಾರು ಹೇಳಿದ್ದು? ರಿಪೋರ್ಟಿನಲ್ಲಿ ಹೆಚ್ಚಿರೋ ಸಿಎ ಒನ್ ಟ್ವೆಂಟಿಫೈವ್ ಅನ್ನೋ ರಕ್ತದ ಅಂಶ ಅಂಡಾಶಯದ ಕ್ಯಾನ್ಸರಿನಲ್ಲೂ ಏರುತ್ತೆ, ನಿಜ. ಆದರೆ ಹೃದಯ ಸೋತು ಮೈಯಲ್ಲಿ ನೀರು ತುಂಬಿದಾಗಲೂ ಏರುತ್ತೆ. ನೀರು ಎಷ್ಟು ನಿಂತಿದೆ ಅಂತ ತಿಳಿಯೋಕೆ ಆ ಪರೀಕ್ಷೆ ಬರೆದದ್ದು. ಆಗಲೇ ಮಾಡಿಸಿದ ಹೊಟ್ಟೆ ಸ್ಕ್ಯಾನಿನಲ್ಲಿ ಗಡ್ಡೆಯೇನೂ ಕಂಡಿಲ್ಲ. ಮಾತ್ರೆ ಬಿಡಿಸಿ, ಉಪ್ಪು ತಿನ್ನಿಸಿ, ನೀವೇ ಇವರನ್ನ ಮುಳುಗಿಸ್ತಿದ್ರಿ."

ಮಗ ತಲೆ ತಗ್ಗಿಸಿದ. ಪುಟ್ಟಬಸಮ್ಮ ಮಾತ್ರ ಡಾಕ್ಟರ ಕಡೆಯೇ ತಿರುಗಿದಳು. ಏದುಸಿರಿನ ನಡುವೆ ಒಂದೊಂದೇ ಮಾತು ಬಂತು.

"ಅವ್ನು ದಡ್ಡ, ಸರಿ. ಆ ಪರೀಕ್ಷೆ ಬರೆಯೋವಾಗ ಇದ್ಯಾತಕ್ಕೆ ಅಂತ ಒಂದ್ ಮಾತ ಯೋಳಕ್ಕೆ ನಿಮ್ಗೇನಾಗಿತ್ತವ್ವ? ರಕ್ತ ಕೊಟ್ಟೋಳು ನಾನಲ್ವಾ?"

ಮಧುಶ್ರೀ ಸ್ಟೆತಸ್ಕೋಪ್ ತೆಗೆದು ಮೇಜಿನ ಮೇಲಿಟ್ಟಳು. "ಅವತ್ತು ಹೊರಗೆ ಜನ ತುಂಬಿದ್ದರು" ಎಂದಳು. ಆಮೇಲೆ, "ಹೇಳಬೇಕಿತ್ತಮ್ಮ. ತಪ್ಪಾಯ್ತು."

ವಾರ್ಡಿಗೆ ಸೇರಿಸಿ ಇಂಜೆಕ್ಷನ್ ಕೊಟ್ಟರು. ನೀರು ಮೂತ್ರವಾಗಿ ಇಳಿಯಿತು; ಚರ್ಮ ಸುಕ್ಕುಗಟ್ಟಿ ಅವಳದೇ ಕಾಲು ಮತ್ತೆ ಕಂಡಿತು. ಮಲಗಿದರೂ ಉಸಿರು ಸಲೀಸಾಗಿ ಆಡಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಮಗ ಗಂಜಿ ತಂದರೆ ಕುಡಿದಳು, ಮಾತಾಡಲಿಲ್ಲ. ಪವಿತ್ರ ಕಾಲು ಹಿಡಿದು ಅತ್ತಾಗ, "ನೀನು ಪ್ರೀತಿಯಿಂದ್ಲೇ ಮಾಡ್ದೆ ಕಣವ್ವ. ಅದ್ಕೇ ಇನ್ನೂ ಸಿಟ್ಟು ಬತ್ತದೆ" ಎಂದಳು.

ಮನೆಗೆ ಹೊರಡುವ ದಿನ ಹೊಸ ರಿಪೋರ್ಟು ಬಂತು. ಮಧುಶ್ರೀ ಅಭ್ಯಾಸಬಲದಿಂದ ಅದನ್ನು ಮಗನ ಕೈಗೆ ಚಾಚಿದಳು.

"ಅವನ್ಗಲ್ಲ" ಎಂದಳು ಪುಟ್ಟಬಸಮ್ಮ. "ನನ್ ಮಕ ನೋಡ್ಕಂಡು ಯೋಳಿ."

ಡಾಕ್ಟರು ಕುರ್ಚಿ ತಿರುಗಿಸಿ ಅವಳೆದುರು ಕೂತು, ಆ ಪರೀಕ್ಷೆಯ ಅಂಕಿ ಇಳಿಮುಖವಾಗಿದೆ ಎಂದು ನಿಧಾನವಾಗಿ ವಿವರಿಸತೊಡಗಿದಳು. ಮಹದೇವಪ್ರಸಾದ್ ಬಾಗಿಲ ಬಳಿ ನಿಂತಿದ್ದ. ಒಳಗೆ ಬಾ ಎಂದು ಅವ್ವ ಕರೆಯಲಿಲ್ಲ.